ಮೂರನೆಯ ಧನ್ಯವಚನ: ಕಾಕನಕೋಟೆಯ ಸೀಮೆಯಿಂದ ಒಂದು ಪಾಠ



ಪರ್ವತಪ್ರಸಂಗದ ಆರಂಭದಲ್ಲಿರುವ ಧನ್ಯವಚನಗಳನ್ನು ನಮ್ಮ ಶಾಲೆಯಲ್ಲಿ ಓದಿದ ಯಾವ ಬಾಲಿಕೆಯೂ ಮರೆತಿರಲಾರಳು. ಕ್ರೈಸ್ತ ಕುಟುಂಬದವಳಾಗಲಿ, ಅನ್ಯಮತದ ಮನೆಯಿಂದ ಬಂದವಳಾಗಲಿ, ಶಾಲೆಗೆ ಸೇರಿದ ಮೊದಲ ವರ್ಷ ಮುಗಿಯುವಷ್ಟರಲ್ಲಿ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಮೊದಲ ಹನ್ನೆರಡು ವಚನಗಳು ಅವಳಿಗೆ ಬಾಯಿಪಾಠವಾಗಿರುವುವು. ಪೋಷಕರ ಸಭೆಯ ದಿನ ಹುಡುಗಿಯರು ಸಾಲಾಗಿ ನಿಂತು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಒಂದೇ ಉಸಿರಿನಲ್ಲಿ ಅವನ್ನು ಒಪ್ಪಿಸುವರು, ಕೇಳಿದವರು ಚಪ್ಪಾಳೆ ತಟ್ಟುವರು, ನಾವೂ ಸಂತೋಷಪಡುವೆವು. ಆದರೆ ಬಾಯಿಪಾಠವಾದ ಮಾತಿಗೆ ಒಂದು ಅಪಾಯವುಂಟು. ಅದು ನಾಲಿಗೆಗೆ ಸಲೀಸಾದ ಮೇಲೆ ಕಿವಿಗೆ ಕೇಳಿಸುವುದಿಲ್ಲ.

ಈ ಸ್ಮರಣಸಂಚಿಕೆಗಾಗಿ ಎಂಟು ಧನ್ಯವಚನಗಳ ಮೇಲೂ ಒಂದೊಂದು ಟಿಪ್ಪಣಿ ಬರೆಯಬೇಕೆಂದು ಉದ್ದೇಶಿಸಿದ್ದೆವು. ಮೂರನೆಯದಕ್ಕೆ ಬರುವಷ್ಟರಲ್ಲಿ ಲೇಖನಿ ನಿಂತಿತು. ಶಾಂತಸ್ವಭಾವದವರಿಗೆ ಭೂಮಿಯು ಸ್ವಾಸ್ತ್ಯವಾಗಿ ಸಿಕ್ಕುವುದೆಂದು ಕರ್ತನು ಹೇಳಿದ ವಚನ ಅದು. ಅದರ ವಿಷಯದಲ್ಲಿ ನಾವು ಒಬ್ಬ ವಿದ್ಯಾರ್ಥಿನಿಗೆ ತೀರಿಸಬೇಕಾದ ಸಾಲವೊಂದಿರುವುದರಿಂದ ಈ ಪಾಠವೆಲ್ಲವೂ ಅದರ ಸುತ್ತಲೇ ಇರುವುದು. ಓದುಗರು ಕ್ಷಮಿಸತಕ್ಕದ್ದು.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬೈಬಲ್ ಪರೀಕ್ಷೆಯಲ್ಲಿ, ‘ಶಾಂತರು ಎಂದರೆ ಯಾರು? ಉದಾಹರಣೆ ಸಹಿತ ವಿವರಿಸಿರಿ’ ಎಂಬ ಪ್ರಶ್ನೆಯನ್ನು ಕೊಟ್ಟಿದ್ದೆವು, ಐದು ಅಂಕಗಳು. ಹೆಚ್ಚಿನವರು ಎದುರುಮಾತಾಡದವರು, ಹಿರಿಯರು ಹೇಳಿದಂತೆ ಕೇಳುವವರು, ಗಟ್ಟಿಯಾಗಿ ನಗದವರು ಎಂದೇ ಬರೆದಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಈ ಉತ್ತರ ಬರುವುದು ಆಶ್ಚರ್ಯವಲ್ಲ. ನಾವೂ ಹಾಗೆಯೇ ಕಲಿಸಿದ್ದೆವಷ್ಟೆ! ಹುಣಸೂರು ತಾಲ್ಲೂಕಿನ ಪುನರ್ವಸತಿ ಹಾಡಿಯೊಂದರಿಂದ ಬಂದು ನಮ್ಮ ಬೋರ್ಡಿಂಗಿನಲ್ಲಿದ್ದ ಜೇನುಕುರುಬರ ಹುಡುಗಿಯೊಬ್ಬಳು ಮಾತ್ರ ಮೂರೇ ವಾಕ್ಯಗಳನ್ನು ಬರೆದಿದ್ದಳು: ‘ಶಾಂತರು ಎಂದರೆ ಬಿಟ್ಟು ಬಂದವರು. ನಮ್ಮ ಅಜ್ಜಿ ಶಾಂತಳು. ಅವಳಿಗೆ ಭೂಮಿ ಸಿಕ್ಕಲಿಲ್ಲ.’ ನಾವು ಅದರ ಮೇಲೆ ಕೆಂಪು ಗೆರೆ ಎಳೆದು, ಪ್ರಶ್ನೆಯನ್ನು ಸರಿಯಾಗಿ ಓದಬೇಕೆಂದು ಬರೆದು, ಸೊನ್ನೆ ಕೊಟ್ಟೆವು.

ಉತ್ತರಪತ್ರಿಕೆಗಳನ್ನು ಹಂಚಿದ ದಿನ ಅವಳು ಬಂದು ಕೇಳಿದಳು: “ವಚನ ಸುಳ್ಳೋ, ಇಲ್ಲ ನಮ್ಮಜ್ಜಿ ಶಾಂತಳಲ್ಲವೋ, ಟೀಚರ್?” ಪರಲೋಕದಲ್ಲಿ ಖಂಡಿತವಾಗಿ ಸಿಕ್ಕುವುದೆಂದು ಸಮಾಧಾನ ಹೇಳಿದೆವು. ಅವಳು ಪುಸ್ತಕ ತೆರೆದು ಬೆರಳಿಟ್ಟು ತೋರಿಸಿ, “ಇಲ್ಲಿ ಭೂಮಿ ಅಂತ ಇದೆಯಲ್ಲಾ” ಎಂದಳು.

ಅದು ನಿಜವಾಗಿತ್ತು. ಮೊದಲನೆಯ ಮತ್ತು ಎಂಟನೆಯ ಧನ್ಯವಚನಗಳಲ್ಲಿ ವಾಗ್ದಾನವಾಗಿರುವುದು ಪರಲೋಕರಾಜ್ಯ, ಮೂರನೆಯದರಲ್ಲಿ ಭೂಮಿ. ಇಷ್ಟು ವರ್ಷ ಪಾಠ ಹೇಳಿದ ನಮಗೆ ಹದಿನಾಲ್ಕು ವಯಸ್ಸಿನ ಹುಡುಗಿಯು ಆ ಪದವನ್ನು ತೋರಿಸಬೇಕಾಯಿತು.

ನಮ್ಮ ತಪ್ಪಿಗೆ ಕಾರಣವೇನೆಂದು ಯೋಚಿಸಿದಾಗ, ನಾವೇ ಟ್ರೈನಿಂಗಿನಲ್ಲಿದ್ದ ಕಾಲದ ಒಂದು ದೃಷ್ಟಾಂತವು ನೆನಪಿಗೆ ಬಂದಿತು. ಸುವಾರ್ತೆಯ ಮೂಲ ಗ್ರೀಕ್ ಭಾಷೆಯಲ್ಲಿ ಇಲ್ಲಿರುವ ಪದ ‘ಪ್ರಾಉಸ್’. ಗ್ರೀಕರು ಅದನ್ನು ಪಳಗಿದ ಕುದುರೆಗೂ ಸಾಕುಪ್ರಾಣಿಗೂ ಪ್ರಯೋಗಿಸುತ್ತಿದ್ದರು. ನಮ್ಮ ಊರಮಾತಿನಲ್ಲಿಯೂ ಹಸುವನ್ನು ಸಾಧು ಎನ್ನುತ್ತೇವಲ್ಲವೆ? ಆದ್ದರಿಂದ ಶಾಂತತ್ವವೆಂದರೆ ಬಲಹೀನತೆಯಲ್ಲ, ಹತೋಟಿಗೆ ಬಂದ ಬಲ. ಪಳಗಿದ ಆನೆಯಲ್ಲಿ ಕಾಡಾನೆಯಷ್ಟೇ ಶಕ್ತಿಯಿದ್ದರೂ ಅದು ಮಾವುತನ ಮಾತಿಗೆ ಮಂಡಿಯೂರುವುದು. ಎಂದು ನಮಗೆ ಕಲಿಸಿದ್ದರು. ಈ ಸೀಮೆಯವರಿಗೆ ಇದಕ್ಕಿಂತ ಒಪ್ಪುವ ದೃಷ್ಟಾಂತ ಬೇರಿರಲಾರದು. ಕಾಕನಕೋಟೆಯ ಖೆಡ್ಡವೆಂದರೆ ಲೋಕಪ್ರಸಿದ್ಧವಾಗಿದ್ದಿತು. ಸ್ಯಾಂಡರ್ಸನ್ ಸಾಹೇಬರು 1873–74ರಲ್ಲಿ ಚಾಮರಾಜನಗರದ ಕಡೆ ಮೈಸೂರು ಸಂಸ್ಥಾನದ ಮೊದಲ ಯಶಸ್ವಿ ಖೆಡ್ಡವನ್ನು ನಡೆಸಿದರು. ಅನಂತರ ಕಾಕನಕೋಟೆಯಲ್ಲಿ ಆನೆಯ ಹಿಂಡುಗಳನ್ನು ಕಪಿಲಾ ಎಂದೂ ಹೆಸರಿರುವ ಕಬಿನಿಯ ಹೊಳೆಗೆ ಇಳಿಸಿ, ಆಚೆಯ ದಡದ ಆವರಣಕ್ಕೆ ಅಟ್ಟುವ ವಿಧಾನವು ರೂಢಿಗೆ ಬಂದಿತು. ಮಹಾರಾಜರ ಅತಿಥಿಗಳು ಅದನ್ನು ಕುಳಿತು ನೋಡಲು ಅಟ್ಟಣೆಗಳನ್ನು ಕಟ್ಟುತ್ತಿದ್ದರು. ಕೊನೆಯ ಖೆಡ್ಡವು 1971ರಲ್ಲಿ ನಡೆಯಿತು. ನಾವು ಕಂಡವರಲ್ಲ, ಹಿರಿಯರ ಬಾಯಲ್ಲಿ ಕೇಳಿದವರು.

ಆ ದೃಷ್ಟಾಂತವನ್ನು ನಾವು ಬಹುಕಾಲ ತರಗತಿಯಲ್ಲಿ ಬಳಸಿದೆವು. ಈಗ ಬಳಸುವುದಿಲ್ಲ. ಹಿಡಿದ ಆನೆಯನ್ನು ಹೇಗೆ ಪಳಗಿಸುತ್ತಿದ್ದರು? ಕಾಲುಗಳಿಗೆ ಹಗ್ಗ ಬಿಗಿದು ಮರಕ್ಕೆ ಕಟ್ಟಿ, ಮೇವು ಕಡಮೆ ಮಾಡಿ, ಸೋತು ತಲೆ ಬಾಗಿಸಿದ ಮೇಲೆಯೇ ಹೊಟ್ಟೆ ತುಂಬ ಕೊಡುತ್ತಿದ್ದರು. ಅದನ್ನು ಪಳಗಿಸಿದವನಿಗೆ ಲಾಭವುಂಟು, ಮೆರವಣಿಗೆಗೆ ಶೋಭೆಯುಂಟು. ಆನೆಗೆ ಮಾತ್ರ ಕಾಡು ಹೋಯಿತು. ಇದನ್ನು ಶಾಂತತ್ವದ ಮಾದರಿಯೆಂದು ಹೇಳಿಕೊಟ್ಟರೆ, ಹೊಡೆಸಿಕೊಂಡು ಸುಮ್ಮನಿರುವ ಹೆಂಡತಿಯೂ ಧಣಿಯ ಮುಂದೆ ತಲೆಯೆತ್ತದ ಜೀತದಾಳೂ ಧನ್ಯರಾಗುವರು. ಹೊಡೆದವನು ಅವರಿಗೆ ಉಪಕಾರ ಮಾಡಿದವನಾಗುವನು! ಕರ್ತನ ಅಭಿಪ್ರಾಯವು ಇದಾಗಿರಲಾರದು.

ಆತನು ಆ ಮಾತನ್ನು ತೆಗೆದುಕೊಂಡಿರುವುದು ಮೂವತ್ತೇಳನೆಯ ಕೀರ್ತನೆಯಿಂದ. ಅಲ್ಲಿಯ ಇಬ್ರಿಯ ಪದ ‘ಅನಾವೀಮ್’. ಅದಕ್ಕೆ ಸೌಮ್ಯರು ಎಂಬ ಅರ್ಥವಿರುವಂತೆಯೇ ಬಾಧೆಪಟ್ಟವರು, ಕುಗ್ಗಿಸಲ್ಪಟ್ಟವರು ಎಂಬ ಅರ್ಥವೂ ಇದೆ. ಆ ಕೀರ್ತನೆಯನ್ನು ಮನೆಯಲ್ಲಿ ಪೂರ್ತಿಯಾಗಿ ಓದಿ ನೋಡಿರಿ: ದುಷ್ಟನು ಕತ್ತಿ ಹಿರಿದು ಬಿಲ್ಲು ಬಗ್ಗಿಸಿ ದೀನರ ಮೇಲೆ ಬೀಳುವ ಕಾಲದ ಹಾಡು ಅದು, ದೇಶದಲ್ಲಿ ಯಾರು ನೆಲೆಯಾಗಿ ಉಳಿಯುವರು ಎಂಬುದೇ ಅಲ್ಲಿಯ ಪ್ರಶ್ನೆ. ಹೆರೋದ ಅಂತಿಪನು ಆಳುತ್ತಿದ್ದ ಗಲಿಲಾಯದಲ್ಲಿ ಬೆಟ್ಟವೇರಿ ಕುಳಿತು ಕೇಳಿದವರೂ ನೆಲದ ಚಿಂತೆಯಿದ್ದವರೇ. ಇದೇ ಮತ್ತಾಯನ ಸುವಾರ್ತೆಯಲ್ಲಿ ಮುಂದೆ ಸಂತೆಯ ಬೀದಿಯಲ್ಲಿ ಕೂಲಿಗಾಗಿ ಕಾದುನಿಂತವರ ಸಾಮ್ಯವೂ, ಗುತ್ತಿಗೆಗೆ ದ್ರಾಕ್ಷೇತೋಟ ಮಾಡಿದವರ ಸಾಮ್ಯವೂ ಬರುವುವು. ಲೂಕನ ಸುವಾರ್ತೆಯಲ್ಲಂತೂ ‘ಆತ್ಮದಲ್ಲಿ’ ಎಂಬ ಸೇರ್ಪಡೆಯೇ ಇಲ್ಲದೆ ಬಡವರನ್ನು ಧನ್ಯರೆಂದು ಕರೆದು, ಐಶ್ವರ್ಯವಂತರ ಸ್ಥಿತಿಗೆ ಮರುಗಿದೆ. ಹಾಗಾದರೆ ‘ಬಿಟ್ಟು ಬಂದವರು’ ಎಂದು ಬರೆದವಳೇ ಮೂಲಕ್ಕೆ ಸಮೀಪವಾಗಿದ್ದಳು.

ಈಗ ನಮ್ಮ ನೆರೆಯನ್ನು ನೋಡೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣೆಯ ತಿದ್ದುಪಡಿ ಶಾಸನವು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು, ಭೂನ್ಯಾಯಮಂಡಲಿಯ ಮುಂದೆ ನಿಂತು, ಉಳುತ್ತಿದ್ದ ಹೊಲಕ್ಕೆ ಒಡೆಯರಾದರು. ಈ ಲೇಖನವನ್ನು ಓದುವವರಲ್ಲಿ ಎಷ್ಟೋ ಮಂದಿಯ ಮನೆಯ ಪಹಣಿಯ ಹಿಂದೆ ಆ ಅರ್ಜಿಯಿರುವುದು. ಆ ಧನ್ಯವಚನವು ಅಷ್ಟರಮಟ್ಟಿಗೆ ನಮ್ಮ ಕಣ್ಣೆದುರಿಗೇ ನೆರವೇರಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಅದೇ 1974ರಲ್ಲಿಯೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ, ಬಿದರಹಳ್ಳಿಗಳ ಬಳಿ ಕಬಿನಿಯ ಅಣೆಕಟ್ಟು ಪೂರ್ಣವಾಯಿತು. ಹಳ್ಳಿಗಳು ಮುಳುಗಿದುವು, ಖೆಡ್ಡದ ನೆಲವೂ ಮುಳುಗಿತು, ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವಾಗಿದ್ದ ಕಿತ್ತೂರೂ ಮುಳುಗಿತು. ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿಯ ಭೂಗೋಳದಲ್ಲಿ ವೈಡೂರ್ಯ ದೊರೆಯುವ ದೇಶವೆಂದು ಹೆಸರು ಬಂದಿರುವ ಪುನ್ನಾಟವದು. ಕೋಟೆ ಕಟ್ಟಿದ ಅರಸರಿಗೂ ಆ ಭೂಮಿಯು ಶಾಶ್ವತ ಸ್ವಾಸ್ತ್ಯವಾಗಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಅಣೆಕಟ್ಟು ಬೇಡವಾಗಿದ್ದಿತೆಂದು ನಾವು ಹೇಳುತ್ತಿಲ್ಲ. ಕೆಳಗಿನ ತಾಲ್ಲೂಕುಗಳ ಗದ್ದೆಗಳು ಅದರ ನೀರಿನಿಂದ ಹಸುರಾಗಿವೆ, ಆ ಭತ್ತದ ಅನ್ನವನ್ನು ನಾವೂ ಉಂಡಿದ್ದೇವೆ. ಆದರೆ ಉಣ್ಣುವಾಗ ಯಾರ ಒಲೆಯು ನೀರಿನಡಿಯಲ್ಲಿದೆಯೆಂಬುದು ತಿಳಿದಿರಬೇಕು.

ಕಾಡಿನವರ ಗತಿ ಇನ್ನೂ ವಿಚಿತ್ರವಾದುದು. ಅವರು ಯಾರ ಗೇಣಿದಾರರೂ ಆಗಿರದಿದ್ದುದರಿಂದ ಭೂಸುಧಾರಣೆಯು ಅವರ ಹಾಡಿಯ ಬಾಗಿಲಿಗೆ ಬರಲಿಲ್ಲ. 1955ರಲ್ಲಿ ಮೃಗಧಾಮವಾಗಿದ್ದ ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಜೇನು ಕೊಯ್ದು ಗೆಡ್ಡೆ ಅಗೆದು ಬಾಳಿದವರು ಹಂತಹಂತವಾಗಿ ಹೊರಗೆ ಬಂದರು. ಪ್ರೊಫೆಸರ್ ಮುಜಫರ್ ಅಸ್ಸಾದಿಯವರ ನೇತೃತ್ವದಲ್ಲಿ ಹೈಕೋರ್ಟು ನೇಮಿಸಿದ ಸಮಿತಿಯು 2014ರ ವರದಿಯಲ್ಲಿ ಹೀಗೆ ಸ್ಥಳಾಂತರವಾದ ಕುಟುಂಬಗಳನ್ನು 3,418 ಎಂದು ಎಣಿಸಿತು. ಆ ಎಣಿಕೆಯಲ್ಲಿ ನಮ್ಮ ವಿದ್ಯಾರ್ಥಿನಿಯ ಅಜ್ಜಿಯ ಮನೆಯೂ ಒಂದು. ಖೆಡ್ಡದ ಕಾಲದಲ್ಲಿ ಆನೆಯ ಬೆನ್ನೇರಿ ದುಡಿದ ಮಾವುತರಲ್ಲಿ ಎಷ್ಟೋ ಮಂದಿ ಇದೇ ಜೇನುಕುರುಬರು.

ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಒಂದು ವಾರ್ಷಿಕೋತ್ಸವದಲ್ಲಿ ನಮ್ಮ ಬಾಲಿಕೆಯರು ಆಡಿದರು. ಚೆನ್ನಾಗಿ ಆಡಿದರೆಂದು ಎಲ್ಲರೂ ಹೊಗಳಿದರು. ಕಾಡುಕುರುಬರ ವೇಷ ಹಾಕಿದವರಲ್ಲಿ ಹಾಡಿಯವಳು ಒಬ್ಬಳೂ ಇರಲಿಲ್ಲ. ಹಾಡಿಯ ನಾಲ್ವರು ಆ ಸಂಜೆ ಅತಿಥಿಗಳಿಗೆ ಕಾಫಿ ಕೊಡುವ ಕೆಲಸದಲ್ಲಿದ್ದರು. ಅವರನ್ನು ಆ ಕೆಲಸಕ್ಕೆ ನೇಮಿಸಿದವರು ನಾವೇ. ಅವರು ಬಹಳ ಶಾಂತರು, ಹೇಳಿದ್ದನ್ನು ಮಾಡುವರು ಎಂಬುದೇ ನಮ್ಮ ಮನಸ್ಸಿನಲ್ಲಿದ್ದ ಕಾರಣ.

ಉಳಿದ ಧನ್ಯವಚನಗಳ ವಿಷಯವಾಗಿ ಸಂಕ್ಷೇಪವಾಗಿ ಹೇಳುವೆವು. ದುಃಖಪಡುವವರಿಗೆ ದೊರೆಯುವ ಸಮಾಧಾನವೆಂದರೇನೆಂದು ತಿಳಿಯಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯನ್ನು ನೋಡಬಹುದು. ದೇಶ ಕಳೆದುಕೊಂಡು ಬಂದ ಟಿಬೆಟ್ಟಿನವರಿಗೆ ಮೈಸೂರು ರಾಜ್ಯವು ಸುಮಾರು 3,000 ಎಕರೆ ನೆಲ ಕೊಟ್ಟಿತು. 1961ರಲ್ಲಿ ಅಲ್ಲಿ ವಸತಿ ಆರಂಭವಾಯಿತು. ಕೊಟ್ಟವರೂ ಪಡೆದವರೂ ಕ್ರೈಸ್ತರಲ್ಲ. ಸುವಾರ್ತೆಯು ನಡೆಯುವುದಕ್ಕೆ ನಮ್ಮ ಅಪ್ಪಣೆಯನ್ನು ಕಾಯುವುದಿಲ್ಲವೆಂಬುದು ಇದರಿಂದ ತಿಳಿಯುವುದು. ಕರುಣೆಯ ವಚನವು ಹೊಗೆಸೊಪ್ಪಿನ ಬ್ಯಾರನ್ನಿರುವ ಮನೆಗಳವರಿಗೆ ವಿಶೇಷವಾಗಿ ಅನ್ವಯಿಸುವುದು. ಸೊಪ್ಪು ಕೀಳುವ ದಿನಗಳಲ್ಲಿ ಹಾಡಿಯಿಂದ ಬರುವ ಹೆಂಗಸಿನ ಕೂಲಿಯನ್ನು ಹರಾಜಾಗಿ ಹಣ ಕೈಗೆ ಬರುವವರೆಗೂ ಹಿಡಿದಿಡುವವರು ಭಾನುವಾರ ಮುಂದಿನ ಸಾಲಿನಲ್ಲಿ ಕುಳಿತಿರುವುದನ್ನು ಕಂಡಿದ್ದೇವೆ. ಜೀತಪದ್ಧತಿಯು 1976ರ ಶಾಸನದಿಂದ ರದ್ದಾಗಿದೆ; ಮುಂಗಡದ ಲೆಕ್ಕ ಮಾತ್ರ ಅನೇಕ ಮನೆಗಳ ಪುಸ್ತಕಗಳಲ್ಲಿ ಇನ್ನೂ ತೀರದೆ ಇದೆ. ನೀತಿಗಾಗಿ ಹಸಿಯುವುದೆಂದರೆ ಬೇರೆಲ್ಲಿಗೋ ಹೋಗಬೇಕಾಗಿಲ್ಲ, ಆ ಪುಸ್ತಕವನ್ನು ತೆರೆದರೆ ಸಾಕು.

ಶಾಂತರಾಗಿರುವುದೆಂದರೆ ಏನೆಂದು ಬಾಲಿಕೆಯರು ಕೇಳಿದರೆ ನಾವು ಈಗ ಹೀಗೆ ಹೇಳುತ್ತೇವೆ: ನಿನ್ನದನ್ನು ಕಿತ್ತುಕೊಂಡವನ ಮೇಲೆ ದ್ವೇಷದಿಂದ ಬೀಳದಿರುವುದು, ಹಾಗೆಂದು ಅದು ನಿನ್ನದಲ್ಲವೆಂದು ಒಪ್ಪಿಕೊಳ್ಳದಿರುವುದೂ ಹೌದು. ಇದನ್ನು ಬಾಯಿಪಾಠ ಮಾಡಿಸುವುದಿಲ್ಲ. ಹೇಳುವಾಗ ನಮಗೇ ಧೈರ್ಯ ಸಾಲದು, ಏಕೆಂದರೆ ಕಳೆದುಕೊಂಡವರು ನಾವಲ್ಲ. ಕಳೆದುಕೊಳ್ಳದವರ ಪಾಲಿಗೆ ಈ ವಚನವು ಉಪದೇಶಿಸುವ ಮಾತಲ್ಲ, ನೆರವೇರಿಸಿಕೊಡಬೇಕಾದ ಮಾತು.

ಆ ಐದು ಅಂಕಗಳನ್ನು ಈಗ ಕೊಡಲಾಗದು. ಆ ಹುಡುಗಿ ಹತ್ತನೆಯ ತರಗತಿ ತೇರ್ಗಡೆಯಾಗಿ ಹೋಗಿದ್ದಾಳೆ. ಹಳೆಯ ವಿದ್ಯಾರ್ಥಿನಿಯಾದುದರಿಂದ ಈ ಸಂಚಿಕೆಯು ಅವಳ ಕೈಗೂ ಸೇರುವುದು. ಅವಳ ಉತ್ತರ ಸರಿಯಾಗಿದ್ದಿತೆಂದು ಇಲ್ಲಿ ಬರೆಯುತ್ತಿದ್ದೇವೆ.

ಇನ್ನೊಂದು ವಿಷಯ. 2006ರ ಅರಣ್ಯಹಕ್ಕು ಶಾಸನದ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲೇ ಅರಣ್ಯದಲ್ಲಿ ಬಾಳುತ್ತಿದ್ದ ಆದಿವಾಸಿ ಕುಟುಂಬವು ಉಳುಮೆಯ ನೆಲಕ್ಕೆ ನಾಲ್ಕು ಹೆಕ್ಟೇರಿನವರೆಗೆ ಹಕ್ಕು ಕೇಳಬಹುದು. ಪುನರ್ವಸತಿಯಿಲ್ಲದೆ ಹೊರಹಾಕಲ್ಪಟ್ಟವರೂ ಕೇಳಬಹುದು. ಅರ್ಜಿಯು ಗ್ರಾಮಸಭೆಯ ಅರಣ್ಯಹಕ್ಕು ಸಮಿತಿಗೆ ಹೋಗಬೇಕು. ಸಾಕ್ಷ್ಯ ಒಂದಕ್ಕಿಂತ ಹೆಚ್ಚು ಬೇಕು. ಕಾಗದಪತ್ರವೇ ಆಗಬೇಕೆಂದಿಲ್ಲ, ಹಿರಿಯರ ಹೇಳಿಕೆಯನ್ನು ಬರೆದುಕೊಂಡರೂ ನಡೆಯುವುದು, ಪೂರ್ವಿಕರನ್ನು ಹೂಳಿದ ಸ್ಥಳವೂ ದೇವರ ಬನವೂ ಸಾಕ್ಷ್ಯವಾಗುವುವು. ಅಜ್ಜಿಯರು ಹೇಳಬಲ್ಲರು, ಬರೆದುಕೊಳ್ಳುವವರು ಬೇಕು. ತಪ್ಪಿಲ್ಲದ ಕನ್ನಡದಲ್ಲಿ, ಸರ್ವೆ ನಂಬರು, ತಾರೀಖು, ಹೆಸರುಗಳನ್ನು ಮೂರು ಕಡೆಯೂ ಒಂದೇ ರೀತಿಯಾಗಿ ಬರೆಯಬಲ್ಲ ಕೈಗಳು ಬೇಕು. ಅಂಥ ಬರವಣಿಗೆಯನ್ನು ಈ ಶಾಲೆಯಲ್ಲಿ ಕೋಲು ಹಿಡಿದು ಕಲಿಸಿದ್ದೇವೆ, ನಿಮಗೆ ನೆನಪಿರಬಹುದು. ಶನಿವಾರ ಮಧ್ಯಾಹ್ನ ಎರಡು ಗಂಟೆಯಿಂದ ಪ್ರಾರ್ಥನಾಮಂದಿರದ ಜಗಲಿಯಲ್ಲಿ ಮೇಜು ಹಾಕಿಸುತ್ತೇವೆ. ಬರುವವರು ತಮ್ಮ ಲೇಖನಿಯನ್ನು ತಾವೇ ತರತಕ್ಕದ್ದು. ಕಾಗದವನ್ನು ಶಾಲೆಯಿಂದ ಕೊಡುವೆವು.