ತೋಪು: ಒಂದು ಪದಕ್ಕೆ ಹೋದ ಹದಿನೈದು ನಿಮಿಷ

ಒಂಬತ್ತನೇ ತರಗತಿಗೆ ನ್ಯೂಟನ್ನನ ಮೂರನೆಯ ನಿಯಮದ ಪಾಠ. ಉದಾಹರಣೆಗೆಂದು ಹಲಗೆಯ ಮೇಲೆ ಫಿರಂಗಿಯ ಚಿತ್ರ ಬರೆದು ಕೆಳಗೆ ‘ತೋಪು’ ಎಂದು ಹೆಸರಿಸಿದೆ. ತರಗತಿ ಗೊಳ್ಳೆಂದು ನಕ್ಕಿತು. ಕಾರಣ ತಿಳಿಯದೆ ನಾನೂ ನಕ್ಕೆ. ಕೊನೆಯ ಬೆಂಚಿನ ಹುಡುಗನೊಬ್ಬ ಮಾತ್ರ ತಲೆ ತಗ್ಗಿಸಿದ. ಕಿರುಪರೀಕ್ಷೆಯಲ್ಲಿ ಫೇಲಾದಂದಿನಿಂದ ಅವನ ಅಡ್ಡಹೆಸರೇ ತೋಪು ಎಂದು ಮುಂದಿನ ಬೆಂಚಿನವಳು ಪಿಸುಗುಟ್ಟಿದಳು.

ಗದರಿಸಿ ಮುಂದುವರಿಯಬಹುದಿತ್ತು. ಪಾಠಯೋಜನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ. ಆದರೆ ಆ ಪದವನ್ನು ಹಲಗೆಯ ಮೇಲೆ ಬರೆದವಳು ನಾನು. “ಈ ಪದ ಎಲ್ಲೆಲ್ಲಿ ಕೇಳಿದ್ದೀರಿ?” ಎಂದೆ.

“ಪಿಚ್ಚರ್ ತೋಪಾಯ್ತು ಮಿಸ್.” “ಮಾವಿನ ತೋಪು.” “ದಸರಾ ಕುಶಾಲತೋಪು.”

ಮಾವಿನ ತೋಪನ್ನು ಬೇರೆ ಇಟ್ಟೆವು. ಅದು ದ್ರಾವಿಡ ಪದ, ಉಚ್ಚಾರ ಮಾತ್ರ ಒಂದೇ. ಸಿಡಿಯುವ ತೋಪು ತುರ್ಕಿ ಭಾಷೆಯದು, ಪರ್ಷಿಯನ್, ಉರ್ದು ದಾಟಿ ನಮ್ಮಲ್ಲಿಗೆ ಬಂತು. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಹೆಸರಿನಲ್ಲೂ ಅದೇ ಪದವಿದೆ. ವಿಜಯಪುರದ ಮಲಿಕ್-ಎ-ಮೈದಾನ್ 1549ರಲ್ಲಿ ಎರಕ ಹೊಯ್ದ ತೋಪು, ತೂಕ ಸುಮಾರು 55 ಟನ್ ಎಂದಾಗ ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ಮೈಸೂರಿನಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವುದಂತೂ ಗೌರವಕ್ಕೇ.

ಇಂಥದ್ದು ಸೋಲಿಗೆ ಹೆಸರಾದದ್ದು ಹೇಗೆ? “ಸೌಂಡ್ ಜಾಸ್ತಿ, ಗುರಿ ತಪ್ಪುತ್ತೆ, ಅದಕ್ಕೆ ಮಿಸ್” ಎಂದನೊಬ್ಬ. ಜಾಣ ಊಹೆ. ಊಹೆಯಾದ್ದರಿಂದ ಟಿಪ್ಪಣಿಯಲ್ಲಿ ಬರೆಸಲಿಲ್ಲ. ಹಿಂದಿಯಲ್ಲಿ ಜಂಬದವನನ್ನು ‘ದೊಡ್ಡ ತೋಪು’ ಎಂದು ಚುಚ್ಚುತ್ತಾರೆ ಎಂದು ನಾನು ಹೇಳುತ್ತಿದ್ದಂತೆ, ಮನೆಮಾತು ತೆಲುಗಾದ ಹುಡುಗಿ ಎದ್ದಳು: “ನಮ್ಮಲ್ಲಿ ತೋಪು ಅಂದ್ರೆ ಭಾರಿ ಗಟ್ಟಿಗ ಮಿಸ್.” ಈ ಸಲ ಯಾರೂ ನಗಲಿಲ್ಲ. ಕೊನೆಯ ಬೆಂಚಿನವನು ತಲೆಯೆತ್ತಿ ಅವಳತ್ತ ನೋಡಿದ.

ಮತ್ತೆ ಪಾಠಕ್ಕೆ ಬಂದೆ. 1000 ಕಿಲೋಗ್ರಾಂ ತೂಕದ ತೋಪು, 5 ಕಿಲೋಗ್ರಾಂ ಗುಂಡು, ಗುಂಡಿನ ವೇಗ ಸೆಕೆಂಡಿಗೆ 200 ಮೀಟರ್. ತೋಪು ಎಷ್ಟು ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ? ಹಲಗೆಗೆ ಯಾರು ಬರುತ್ತೀರಿ ಎಂದಾಗ ಅವನೇ ಬಂದ, ನಾನು ಕರೆದಿರಲಿಲ್ಲ. ಎರಡು ಸಂವೇಗಗಳನ್ನೂ ಸರಿಯಾಗಿ ಬರೆದು, ಸೆಕೆಂಡಿಗೆ 1 ಮೀಟರ್ ಎಂದು ಉತ್ತರ ತಂದ. ದಿಕ್ಕು ತೋರಿಸುವ ಋಣ ಚಿಹ್ನೆಯೊಂದು ಬಿಟ್ಟುಹೋಗಿತ್ತು, ಅದನ್ನು ಇಬ್ಬರೂ ಸೇರಿ ಹಾಕಿದೆವು.

ಮೌಲ್ಯಮಾಪನದ ಪ್ರಶ್ನೆಗಳಿಗೆ ಸಮಯ ಉಳಿಯಲಿಲ್ಲ. ಮೇಲ್ವಿಚಾರಕರು ಅವಲೋಕನ ಪುಸ್ತಕದಲ್ಲಿ ‘ಸಮಯ ನಿರ್ವಹಣೆ ಸಾಲದು’ ಎಂದು ಬರೆದರು. ಸರಿಯೇ. ಮರುದಿನ ಆಟದ ಬಯಲಿನಲ್ಲಿ ಯಾರೋ ಅವನನ್ನು ‘ಲೋ ತೋಪು’ ಎಂದು ಕೂಗಿದ್ದು ಕೇಳಿಸಿತು. “ಯಾವ ತೋಪು? ತೆಲುಗಿಂದಾ?” ಎಂದು ಅವನು ತಿರುಗಿ ಕೇಳುತ್ತಿದ್ದ.