ನರಕ: ಒಂದು ಅನುವಾದ, ನಾಲ್ಕು ಮೂಲಪದಗಳು

1611ರ ಕಿಂಗ್ ಜೇಮ್ಸ್ ಬೈಬಲ್ ನಾಲ್ಕು ಬೇರೆ ಪದಗಳನ್ನು ‘ಹೆಲ್’ ಎಂದೇ ಅನುವಾದಿಸಿತು. ಶಾಶ್ವತ ನರಕವನ್ನು ಪ್ರಶ್ನಿಸುವವರು ಹಿಡಿಯುವ ಮೊದಲ ಎಳೆ ಇದು.

• ಶಿಯೋಲ್: ಹೀಬ್ರೂ ಪದ, ಒಳ್ಳೆಯವರೂ ಕೆಟ್ಟವರೂ ಸೇರುವ ಸತ್ತವರ ಲೋಕ. ಕಿಂಗ್ ಜೇಮ್ಸ್‌ನಲ್ಲಿ 31 ಕಡೆ ‘ಹೆಲ್’, 31 ಕಡೆ ಸಮಾಧಿ, 3 ಕಡೆ ಗುಂಡಿ. ಕನ್ನಡ ಸತ್ಯವೇದದಲ್ಲಿ ಪಾತಾಳ.
• ಹೇಡಿಸ್: ಶಿಯೋಲ್‌ಗೆ ಸಮಾನವಾದ ಗ್ರೀಕ್ ಪದ.
• ಗೆಹೆನ್ನ: ಜೆರುಸಲೇಮಿನ ಹಿನ್ನೋಮ್ ಕಣಿವೆಯಿಂದ ಬಂದ ಹೆಸರು, ಹೊಸ ಒಡಂಬಡಿಕೆಯಲ್ಲಿ 12 ಬಾರಿ.
• ಟಾರ್ಟರಸ್: 2 ಪೇತ್ರ 2:4ರಲ್ಲಿ ಮಾತ್ರ.

ಗೊಂದಲ ಬೇಡ: ಹಿನ್ನೋಮ್ ಕಸ ಸುಡುವ ಜಾಗವಾಗಿತ್ತೆಂಬ ಹೇಳಿಕೆ ಮಧ್ಯಯುಗದ್ದು. ಪ್ರವಾದಿ ಯೆರೆಮೀಯ ಖಂಡಿಸಿದ್ದು ಅಲ್ಲಿನ ಶಿಶುಬಲಿಯನ್ನು.

ಎರಡನೆಯ ಎಳೆ ‘ಶಾಶ್ವತ’ ಎಂಬ ಪದದ್ದು: ಅದರ ಗ್ರೀಕ್ ಮೂಲ ‘ಐಯೋನಿಯೋಸ್’ ಎಂದರೆ ಅಂತ್ಯವಿಲ್ಲದ್ದೋ, ಯುಗಕ್ಕೆ ಸೇರಿದ್ದೋ? ಮತ್ತಾಯ 25:46ರಲ್ಲಿ ನಿತ್ಯದಂಡನೆಗೂ ನಿತ್ಯಜೀವಕ್ಕೂ ಅದೇ ಪದವಿದೆ ಎಂಬುದು ಸಂಪ್ರದಾಯವಾದಿಗಳ ಗಟ್ಟಿ ಉತ್ತರ. ಈ ಚರ್ಚೆಯಲ್ಲೇ ದೇವತಾಶಾಸ್ತ್ರಜ್ಞ ಎಫ್.ಡಿ. ಮಾರಿಸ್ 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು.