ಪೋರ್ಟೊ ನಗರದ ‘ಅರ್ಧ ದೋಸೆ’



ಪೋರ್ಚುಗಲ್ ದೇಶದ ಎರಡನೇ ದೊಡ್ಡ ನಗರ ಪೋರ್ಟೊ. ಮಗಳು ಅಲ್ಲಿ ಓದುತ್ತಿರುವುದರಿಂದ ಜೂನ್ ತಿಂಗಳಲ್ಲಿ ಹತ್ತು ದಿನ ಇದ್ದು ಬಂದೆ. ಚರ್ಚು, ಸೇತುವೆ ನೋಡಿದ್ದಕ್ಕಿಂತ ಹೋಟೆಲುಗಳ ಅಡುಗೆಕೋಣೆಗೆ ಇಣುಕಿದ್ದೇ ಹೆಚ್ಚು. ನಮ್ಮ ವ್ಯವಹಾರಕ್ಕೆ ಬೇಕಾದ ಕೆಲವು ಸಂಗತಿ ಬರೆಯುತ್ತೇನೆ.

ಮೊದಲ ದಿನ ಊರವರೇ ಉಣ್ಣುವ ಒಂದು ಸಣ್ಣ ಖಾನಾವಳಿಗೆ ಹೋದೆವು. ಇಂಥವನ್ನು ಅವರು ‘ತಾಸ್ಕಾ’ ಎನ್ನುತ್ತಾರೆ. ಗೋಡೆಯ ಬೋರ್ಡಿನಲ್ಲಿದ್ದ ಅಕ್ಷರ ಕೂಡಿಸಿ ಓದಿದರೆ ‘ದೋಸೆ’ ಎಂದಿದೆ! ನನಗೆ ಎಲ್ಲಿಲ್ಲದ ಖುಷಿ. ಮಗಳು ನಕ್ಕು ತಿಳಿಸಿದಳು: ಅದು ‘ದೋಝ್’, ಅಂದರೆ ಒಂದು ಫುಲ್ ಪ್ಲೇಟ್. ಪಕ್ಕದಲ್ಲಿರುವ ‘ಮೇಯಾ ದೋಝ್’ ಎಂದರೆ ಅರ್ಧ. ಅಲ್ಲಿಯ ಫುಲ್ ಪ್ಲೇಟ್ ಹಲವು ಕಡೆ ಇಬ್ಬರಿಗೆ ಸಾಕು. ಒಬ್ಬನೇ ಬಂದವನು ಸಂಕೋಚವಿಲ್ಲದೆ ಅರ್ಧ ಹೇಳುತ್ತಾನೆ. ಬೆಲೆ ಮಾತ್ರ ಸರಿಯಾಗಿ ಅರ್ಧವಲ್ಲ, ಸ್ವಲ್ಪ ಹೆಚ್ಚು. ಅದು ನ್ಯಾಯವೇ. ಪ್ಲೇಟ್ ಅರ್ಧವಾದರೂ ಗ್ಯಾಸು, ತೊಳೆಯುವ ಕೂಲಿ, ಸಪ್ಲೈಯರನ ನಡಿಗೆ ಅರ್ಧವಾಗುವುದಿಲ್ಲ. ನಮ್ಮಲ್ಲಿ ರಾತ್ರಿ ಡಬ್ಬಕ್ಕೆ ಬೀಳುವ ಅನ್ನ ಪಲ್ಯ ನೋಡಿದವರಿಗೆ ಇದರ ಬೆಲೆ ಗೊತ್ತು.

ಇನ್ನೊಂದು ಪದ್ಧತಿ ‘ಕೂವೆರ್’. ಕುಳಿತ ಕೂಡಲೇ ಬ್ರೆಡ್ಡು, ಬೆಣ್ಣೆ, ಆಲಿವ್ ಕಾಯಿ ತಂದಿಡುತ್ತಾರೆ. ಇದು ಪುಕ್ಕಟೆಯಲ್ಲ. ಆದರೆ ಕೇಳದ್ದಕ್ಕೂ ಮುಟ್ಟದ್ದಕ್ಕೂ ಬಿಲ್ಲು ಹಾಕುವಂತಿಲ್ಲ, ಅಲ್ಲಿಯ ಕಾನೂನೇ ಹಾಗಿದೆ. ಬೇಡವೆಂದರೆ ಮುಖ ಸಿಂಡರಿಸದೆ ಎತ್ತಿಕೊಂಡು ಹೋಗುತ್ತಾರೆ. ದರವೂ ಪಟ್ಟಿಯಲ್ಲಿ ಬರೆದಿರುತ್ತದೆ.

ಇದನ್ನು ನೋಡಿ ನನಗೆ ನನ್ನದೇ ತಪ್ಪು ನೆನಪಾಯಿತು. ಮೂರು ವರ್ಷದ ಹಿಂದೆ ನನ್ನ ಹೋಟೆಲಿನಲ್ಲಿ ಕೇಳದೆಯೇ ಮೇಜಿನ ಮೇಲೆ ನೀರಿನ ಬಾಟ್ಲಿ, ಮಸಾಲೆ ಪಾಪಡ್ ಇಡಿಸುವ ಕ್ರಮ ಶುರು ಮಾಡಿದ್ದೆ. ಗಲ್ಲಾ ತುಂಬಿತು, ಸುಳ್ಳಲ್ಲ. ಹದಿನೆಂಟು ವರ್ಷದಿಂದ ಪ್ರತಿ ಆದಿತ್ಯವಾರ ಬರುತ್ತಿದ್ದ ಒಬ್ಬ ಹಿರಿಯರು ಬಿಲ್ಲು ನೋಡಿ, “ಶೇಟ್ರೇ, ಪಾಪಡ್ ನಾನು ಕೇಳಿದ್ದೆನಾ?” ಎಂದರು. ನಾನು ಗಲ್ಲದಿಂದಲೇ ‘ತಿಂದಿದ್ದೀರಲ್ಲ’ ಎಂದುಬಿಟ್ಟೆ. ಹಣ ಕೊಟ್ಟು ಹೋದರು. ಮತ್ತೆ ಬರಲಿಲ್ಲ.

ಕಾಫಿ ವಿಷಯ. ಪೋರ್ಟೊದವರು ದಿನಕ್ಕೆ ಮೂರು ನಾಲ್ಕು ಸಲ ಕೌಂಟರಿನ ಎದುರು ನಿಂತು, ಸಣ್ಣ ಕಪ್ಪಿನಲ್ಲಿ ಎರಡು ಗುಟುಕು ಕಡು ಕಾಫಿ ಕುಡಿದು ಹೋಗುತ್ತಾರೆ. ಹಳಬರು ಅದನ್ನು ‘ಸಿಂಬಲೀನೊ’ ಎನ್ನುವುದುಂಟು. ಲಾ ಸಿಂಬಾಲಿ ಎಂಬ ಇಟಲಿಯ ಕಾಫಿ ಮೆಶಿನಿನಿಂದ ಬಂದ ಹೆಸರು, ನಾವು ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ. ಅದೇ ಕಾಫಿಗೆ ಕೆಲವು ಕಡೆ ನಿಂತು ಕುಡಿದರೆ ಒಂದು ದರ, ಕುಳಿತರೆ ಒಂದು, ಹೊರಗೆ ಬಯಲಲ್ಲಿ ಕುಳಿತರೆ ಇನ್ನೊಂದು. ಎಲ್ಲವೂ ಬೋರ್ಡಿನಲ್ಲಿ. 1921ರಲ್ಲಿ ತೆರೆದ ಮೆಜೆಸ್ಟಿಕ್ ಕೆಫೆ ಬಹಳ ಚೆಂದ, ಕನ್ನಡಿ ಮರದ ಕೆತ್ತನೆ ನೋಡಬೇಕಾದ್ದೇ. ಆದರೆ ಅಲ್ಲಿ ಪ್ರವಾಸಿಗಳೇ ಹೆಚ್ಚು, ದರವೂ ಹಾಗೆಯೇ.

ಊರಿನ ಹೆಮ್ಮೆಯ ತಿಂಡಿ ‘ಫ್ರಾನ್ಸೆಸೀನ್ಯಾ’, ಅಂದರೆ ಪುಟ್ಟ ಫ್ರೆಂಚ್ ಹುಡುಗಿ. ಬ್ರೆಡ್ಡಿನ ನಡುವೆ ಮೂರು ನಾಲ್ಕು ಬಗೆ ಮಾಂಸ, ಮೇಲೆ ಕರಗಿದ ಚೀಸ್, ಸುತ್ತ ಟೊಮೆಟೊ ಮತ್ತು ಬಿಯರ್ ಹಾಕಿ ಕುದಿಸಿದ ಖಾರದ ಸಾಸ್. ಫ್ರಾನ್ಸಿನಲ್ಲಿ ದುಡಿದು ಬಂದ ಡೇನಿಯಲ್ ಡಿ ಸಿಲ್ವಾ ಎಂಬವರು 1950ರ ದಶಕದಲ್ಲಿ ‘ಆ ರೆಗಲೈರಾ’ ಹೋಟೆಲಿನಲ್ಲಿ ಇದನ್ನು ಮಾಡಿದರೆಂದು ಹೇಳುತ್ತಾರೆ. ಸಾಸಿನ ಗುಟ್ಟನ್ನು ಯಾರೂ ಬಿಟ್ಟುಕೊಡುವುದಿಲ್ಲ. ನಮ್ಮ ಭಟ್ಟರು ಸಾಂಬಾರ್ ಪುಡಿ ಬೆರೆಸುವಾಗ ಬಾಗಿಲು ಹಾಕಿಕೊಳ್ಳುವಂತೆಯೇ. ಯಾವ ಹೋಟೆಲಿನದ್ದು ಒಳ್ಳೆಯದೆಂದು ಊರಿಡೀ ಜಗಳ.

ಪೋರ್ಟೊದವರಿಗೆ ‘ತ್ರಿಪೈರೊ’, ಅಂದರೆ ಬೋಟಿ ತಿನ್ನುವವರು ಎಂಬ ಅಡ್ಡಹೆಸರಿದೆ. 1415ರಲ್ಲಿ ಸೇವುಟಾ ದಂಡಯಾತ್ರೆಯ ಹಡಗುಗಳಿಗೆ ಊರಿನ ಮಾಂಸವನ್ನೆಲ್ಲ ಕೊಟ್ಟು, ಉಳಿದ ಬೋಟಿಯನ್ನು ತಾವು ಬೇಯಿಸಿ ತಿಂದರೆಂಬ ಕತೆ. ಇಂದಿಗೂ ಬಿಳಿ ಬೀನ್ಸ್ ಕಾಳಿನ ಜೊತೆ ಬೇಯಿಸುತ್ತಾರೆ. ಸಸ್ಯಾಹಾರಿಗಳಿಗೆ ಪೋರ್ಟೊ ಕಷ್ಟ. ಬಟಾಟೆ ಮತ್ತು ಸೊಪ್ಪಿನ ‘ಕಾಲ್ದೊ ವೆರ್ದ್’ ಸೂಪಿನಲ್ಲೂ ಸಾಸೇಜಿನ ತುಂಡು ಇರುತ್ತದೆ, ಮೊದಲೇ ವಿಚಾರಿಸಿ. ಅಂದ ಹಾಗೆ ಬಟಾಟೆ ಅವರ ಶಬ್ದವೇ. ನಮ್ಮ ಪಾವ್, ಚಾವಿ, ಹುಡುಗರು ತಿಂಗಳ ಕೊನೆಗೆ ಕೇಳುವ ಪಗಾರ ಕೂಡ ಅವರಿಂದ ಬಂದದ್ದು!

ದೋರು ನದಿಯ ಆಚೆ ದಡದ ಗಾಯಾದಲ್ಲಿ ಪೋರ್ಟ್ ವೈನಿನ ಹಳೇ ಗೋದಾಮುಗಳಿವೆ. ದ್ರಾಕ್ಷಿ ರಸ ಹುಳಿ ಬರುತ್ತಿರುವಾಗಲೇ ದ್ರಾಕ್ಷಿಯ ಸಾರಾಯಿ ಸೇರಿಸಿ ನಿಲ್ಲಿಸುವುದರಿಂದ ಸಿಹಿ ಉಳಿಯುತ್ತದೆ. ಸಂಜೆ ಜನ ನದಿ ದಡದ ರಿಬೈರಾದಲ್ಲಿ, ಸಮುದ್ರ ಸೇರುವ ಫೋಜ್‌ನಲ್ಲಿ ಸುಮ್ಮನೆ ನಡೆಯುತ್ತಾರೆ. ಬುಲ್ಯಾವ್ ಮಾರ್ಕೆಟ್ ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆದಿದೆ, ಬೆಳಿಗ್ಗೆಯೇ ಹೋಗಬೇಕು.

ಜೂನ್ 23ರ ರಾತ್ರಿ ಸಂತ ಜಾನ್ ಹಬ್ಬ. ಊರಿಗೆ ಊರೇ ಬೀದಿಯಲ್ಲಿ, ಗುರುತಿಲ್ಲದವರ ತಲೆಗೂ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲನೆ ಬಡಿದು ನಗುತ್ತಾರೆ. ಓಣಿ ಓಣಿಯಲ್ಲಿ ಕೆಂಡದ ಮೇಲೆ ಸಾರ್ಡಿನ್, ನಮ್ಮ ಬೂತಾಯಿ ಜಾತಿಯ ಮೀನು. ಮಸಾಲೆಯಿಲ್ಲ, ಕಲ್ಲುಪ್ಪು ಮಾತ್ರ. ಬ್ರೆಡ್ಡಿನ ತುಂಡಿನ ಮೇಲಿಟ್ಟು ಕೊಡುತ್ತಾರೆ. ಎಣ್ಣೆ ಇಳಿದ ಆ ಬ್ರೆಡ್ಡೇ ಕೊನೆಯ ತುತ್ತು.

ಬಂದ ಮೇಲೆ ಪಾಪಡ್ ಮತ್ತು ಬಾಟ್ಲಿ ಇಡುವುದನ್ನು ನಿಲ್ಲಿಸಿದೆ. ‘ಅರ್ಧ ಊಟ’ ಎಂದು ಬೋರ್ಡಿನಲ್ಲಿ ಬರೆಸಿದೆ. ಮ್ಯಾನೇಜರನಿಗೆ ಸಮಾಧಾನವಿಲ್ಲ, ಗಲ್ಲಾ ಇಳಿದಿದೆ ಎನ್ನುತ್ತಾನೆ. ಡಬ್ಬವೂ ಹಗುರವಾಗಿದೆಯಲ್ಲ ಎಂದು ನಾನು. ಆದಿತ್ಯವಾರದ ಆ ಹಿರಿಯರ ಮನೆಗೆ ಹೋಗಿ ಕರೆದು ಬಂದೆ. ನೋಡೋಣ ಎಂದಿದ್ದಾರೆ.